ಊರಿನಲ್ಲಿ ಸೋಷಿಯಲ್ ಮೀಡಿಯಾ ಕಲಿಕೆಯ ಕೂಟ: ಹೇಗೆ ನಡೆಸಬೇಕು? (ಶಿರಸಿ ಕಡೆ)

ಹಲಸಿನಕಟ್ಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ನಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಸೇರಿ, ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಬಳಸುವ ಬಗ್ಗೆ ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುವ ಕೂಟ ಶುರು ಮಾಡಬೇಕು ಎಂದಿದ್ದೇವೆ. ಸೊಸೈಟಿಯ ಮೇಲ್ಮಹಡಿ ಹಾಲ್ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಪ್ರೊಜೆಕ್ಟರ್, ಇನ್ವರ್ಟರ್ ಎರಡೂ ಇವೆ. ಮೊಬೈಲ್ ಸಿಗ್ನಲ್ ಮಾತ್ರ ಕಿಟಕಿ ಪಕ್ಕ ಚೆನ್ನಾಗಿದೆ, ಒಳಗೆ ಬಂದರೆ ಒಂದೋ ಎರಡೋ ಕಡ್ಡಿ.

ಬರುತ್ತೇವೆ ಎಂದವರು ನಲವತ್ತರ ಹತ್ತಿರ ಇದ್ದಾರೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೇನು, ಜೋನಿ ಬೆಲ್ಲ ಮಾರುವ ಸ್ವಸಹಾಯ ಸಂಘದ ಹೆಂಗಸರು, ಹೋಮ್‌ಸ್ಟೇ ನಡೆಸುವ ಎರಡು ಮೂರು ಮನೆಯವರು, ತಾಳಮದ್ದಲೆ ಕೂಟದವರು, ನಿವೃತ್ತ ಮಾಸ್ತರರು, ಕಾಲೇಜು ಹುಡುಗರು. ಒಬ್ಬೊಬ್ಬರಿಗೆ ಒಂದೊಂದು ಬೇಕು. ಎಲ್ಲರನ್ನೂ ಒಟ್ಟಿಗೆ ಕೂರಿಸಬಹುದೇ? ಮೊದಲ ಕೂಟದಲ್ಲಿ ಏನು ಹೇಳಿಕೊಡಬೇಕು? ಹಿಂದೆ ಇಂಥ ಕಾರ್ಯಕ್ರಮ ಎಂದರೆ ಪೇಟೆಯಿಂದ ಯಾರಾದರೂ ಬಂದು ಒಂದು ತಾಸು ಭಾಷಣ ಮಾಡಿ ಹೋಗುವುದಿತ್ತು, ಮರುದಿನಕ್ಕೆ ಯಾರಿಗೂ ಏನೂ ನೆನಪಿರುವುದಿಲ್ಲ. ಹಾಗಾಗಬಾರದು. ಇಂಥ ಕೂಟ ನಡೆಸಿ ಅಭ್ಯಾಸ ಇದ್ದವರು ವಿವರವಾಗಿ ಹೇಳಿದರೆ ಉಪಕಾರ.

---

ಅಘನಾಶಿನಿ ದಂಡೆ:

ನಲವತ್ತು ಜನ ಒಂದೇ ಸಲ ಬೇಡ. ಇಪ್ಪತ್ತು ಜನ, ನಾಲ್ಕು ಸಹಾಯಕರು. ಐದು ಜನರಿಗೆ ಒಬ್ಬರು ಎಂಬ ಲೆಕ್ಕ ತಪ್ಪಿದರೆ ಕೂಟ ಕೆಡುತ್ತದೆ. ಏಕೆಂದರೆ ಒಬ್ಬರ ಫೋನ್ ಸ್ಯಾಮ್‌ಸಂಗ್, ಇನ್ನೊಬ್ಬರದ್ದು ರೆಡ್ಮಿ, ಮತ್ತೊಬ್ಬರದ್ದು ವಿವೋ, ಎಲ್ಲದರಲ್ಲೂ ಸೆಟ್ಟಿಂಗ್ಸ್ ಇರುವ ಜಾಗ ಬೇರೆ. ಮುಂದೆ ನಿಂತವರು "ಈಗ ಇದನ್ನು ಒತ್ತಿ" ಅನ್ನುವ ಹೊತ್ತಿಗೆ ಮೂವರು ಮುಂದೆ ಹೋಗಿರುತ್ತಾರೆ, ಇಬ್ಬರು ಬೇರೆ ಪರದೆಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಪಕ್ಕದಲ್ಲಿ ಕೂತು ನೋಡುವವರಿಲ್ಲದಿದ್ದರೆ ಅವರು ಸುಮ್ಮನೆ ಫೋನ್ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಡುತ್ತಾರೆ, ಮುಂದಿನ ತಿಂಗಳು ಬರುವುದಿಲ್ಲ. ನಿಮ್ಮ ಕಾಲೇಜು ಹುಡುಗರು ಕಲಿಯಲು ಬರುವುದು ಬೇಡ, ಸಹಾಯಕರಾಗಿ ಬರಲಿ. ಅವರಿಗೆ ಒಂದೇ ಕಟ್ಟುನಿಟ್ಟು: ಇನ್ನೊಬ್ಬರ ಫೋನನ್ನು ಕೈಗೆ ತೆಗೆದುಕೊಳ್ಳಬಾರದು. ಬೆರಳು ತೋರಿಸಬೇಕು, ಒತ್ತುವುದು ಫೋನಿನ ಯಜಮಾನರೇ. ಹುಡುಗರು ಚಕಚಕ ಅಂತ ತಾವೇ ಮಾಡಿಕೊಟ್ಟರೆ ಕೆಲಸ ಆಯಿತು, ಕಲಿಕೆ ಆಗಲಿಲ್ಲ.

ಒಂದು ಕೂಟಕ್ಕೆ ಒಂದೇ ಕೆಲಸ. "ಫೇಸ್‌ಬುಕ್ ಪರಿಚಯ" ಅನ್ನುವುದು ಕೆಲಸವಲ್ಲ. "ಮನೆಗೆ ಹೋಗುವಾಗ ಪ್ರತಿಯೊಬ್ಬರ ಬಿಸಿನೆಸ್ ವಾಟ್ಸ್ಆ್ಯಪ್‌ನಲ್ಲಿ ಮೂರು ವಸ್ತುಗಳ ಫೋಟೋ, ದರ, ತೂಕ ಇರಬೇಕು" ಅನ್ನುವುದು ಕೆಲಸ. ಮೂರೂವರೆಗೆ ಶುರು ಮಾಡಿ ಐದೂಕಾಲಿಗೆ ಮುಗಿಸಿ, ಬಸ್ ತಪ್ಪುವ ಹೆದರಿಕೆ ಇದ್ದರೆ ಯಾರ ಗಮನವೂ ಫೋನಿನ ಮೇಲೆ ಇರುವುದಿಲ್ಲ. ಮೊದಲ ಹತ್ತು ನಿಮಿಷ ಪ್ರಶ್ನೆ ಚೀಟಿ: ಹೆಸರು ಬರೆಯದೆ ತಮಗೆ ತೊಡಕಾದದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಬಾಯಿಬಿಟ್ಟು ಕೇಳಲು ಸಂಕೋಚಪಡುವವರ ಪ್ರಶ್ನೆಗಳು ಅದರಲ್ಲಿ ಸಿಗುತ್ತವೆ, ಮುಂದಿನ ತಿಂಗಳ ವಿಷಯವೂ ಅಲ್ಲೇ ಸಿಗುತ್ತದೆ.

ಇನ್ನು ಪ್ರೊಜೆಕ್ಟರ್. ಫೋನಿನ ಪರದೆಯನ್ನು ಗೋಡೆಗೆ ತರುವುದರಲ್ಲೇ ಅರ್ಧ ತಾಸು ಹೋಗುವುದು ಸಾಮಾನ್ಯ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ತಂದರೆ ಸಾಕು ಅಂದುಕೊಳ್ಳಬೇಡಿ. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳ ಟೈಪ್-ಸಿ ಕಿಂಡಿಯಲ್ಲಿ ಚಾರ್ಜ್ ಮತ್ತು ಫೈಲ್ ಸಾಗಾಟ ಮಾತ್ರ ಆಗುತ್ತದೆ, ಚಿತ್ರ ಹೊರಗೆ ಬರುವುದಿಲ್ಲ. ಕೇಬಲ್ ಹಾಳಾಗಿದೆ ಎಂದು ಎರಡನೆಯದನ್ನು ತಂದರೂ ಅಷ್ಟೇ. ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಜೋಡಿಸಿ, ಲ್ಯಾಪ್‌ಟಾಪಿಗೆ ಫೋನನ್ನು ಮಾಮೂಲಿ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ, ಎಸ್‌ಸಿಆರ್‌ಸಿಪಿವೈ (scrcpy) ಎಂಬ, ಫೋನಿನ ಪರದೆಯನ್ನು ಲ್ಯಾಪ್‌ಟಾಪಿನಲ್ಲಿ ತೋರಿಸುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅದಕ್ಕೆ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್‌ನಲ್ಲಿರುವ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಬೇಕು. (ರೆಡ್ಮಿ, ಪೋಕೋ ಫೋನುಗಳಲ್ಲಿ ಓಎಸ್ ವರ್ಷನ್ ಅಥವಾ ಎಂಐಯುಐ ವರ್ಷನ್ ಮೇಲೆ.) ಆಗ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ, ಅದರಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ. ಅಲ್ಲೇ "ಶೋ ಟ್ಯಾಪ್ಸ್" ಎಂದಿರುತ್ತದೆ, ಅದನ್ನೂ ಆನ್ ಮಾಡಿ. ನೀವು ಬೆರಳಿಟ್ಟಲ್ಲೆಲ್ಲ ಪರದೆಯ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ, ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೂ ಎಲ್ಲಿ ಒತ್ತಿದಿರಿ ಅನ್ನುವುದು ಕಾಣುತ್ತದೆ. ಈ ಒಂದು ಚುಕ್ಕೆಯಿಂದ ಅರ್ಧ ಪ್ರಶ್ನೆಗಳು ಕಡಿಮೆಯಾಗುತ್ತವೆ.

ತೋರಿಸುವ ಫೋನ್ ನಿಮ್ಮ ದಿನಬಳಕೆಯದ್ದು ಆಗಬಾರದು. ನಡುವೆ ಬ್ಯಾಂಕಿನ ಮೆಸೇಜೋ ಒಟಿಪಿಯೋ ಬಂದರೆ ಹಾಲ್ ತುಂಬ ಕಾಣುತ್ತದೆ. ಹಳೆಯ ಫೋನ್ ಒಂದನ್ನು ಬೇರೆ ಸಿಮ್ ಹಾಕಿ ಇಟ್ಟುಕೊಳ್ಳಿ, ಆಗದಿದ್ದರೆ ಡು ನಾಟ್ ಡಿಸ್ಟರ್ಬ್ ಹಾಕಿ. ಕೂಟ ಮುಗಿದ ಕೂಡಲೇ ಯುಎಸ್‌ಬಿ ಡಿಬಗಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ, ಸುರಕ್ಷತೆಯೂ ಅಲ್ಲ.

ಸಿಗ್ನಲ್ ಬಗ್ಗೆ: ಚೆನ್ನಾಗಿ ಹಿಡಿಯುವ ಸಿಮ್ ಇರುವ ಒಂದು ಫೋನನ್ನು ಕಿಟಕಿ ಮೇಲೆ ಇಟ್ಟು ಹಾಟ್‌ಸ್ಪಾಟ್ ಕೊಡಬಹುದು, ಆದರೆ ಒಂದು ಹಾಟ್‌ಸ್ಪಾಟಿಗೆ ಎಂಟು ಹತ್ತಕ್ಕಿಂತ ಹೆಚ್ಚು ಫೋನು ಸೇರಿದರೆ ಯಾರಿಗೂ ಸಿಗುವುದಿಲ್ಲ. ಎರಡು ಕಿಟಕಿಗೆ ಎರಡು ಇಡಿ. ಆ್ಯಪ್ ಅಪ್‌ಡೇಟ್ ಎಲ್ಲ ಮನೆಯಲ್ಲೇ ಮಾಡಿಕೊಂಡು ಬರಲು ಮೂರು ದಿನ ಮೊದಲೇ ಹೇಳಿ, ಹಾಲ್‌ನಲ್ಲಿ ಇಪ್ಪತ್ತು ಫೋನು ಒಟ್ಟಿಗೆ ಅಪ್‌ಡೇಟಿಗೆ ನಿಂತರೆ ಆ ದಿನದ ಕೆಲಸ ಮುಗಿದಂತೆ. ಫುಲ್ ಚಾರ್ಜ್ ಮಾಡಿಕೊಂಡು ಬನ್ನಿ ಎಂದೂ ಹೇಳಿ. ಹೇಳಿದರೂ ನಾಲ್ಕೈದು ಜನ ಮರೆತಿರುತ್ತಾರೆ, ಎಕ್ಸ್‌ಟೆನ್ಶನ್ ಬೋರ್ಡ್ ಎರಡು ಇರಲಿ.

ಮೊದಲ ಕೂಟಕ್ಕೆ ನನ್ನ ಸಲಹೆ: ಫೋನಿನ ಜಾಗ ಖಾಲಿ ಮಾಡುವುದು. ಸಪ್ಪೆ ವಿಷಯ ಅನ್ನಿಸಬಹುದು, ಆದರೆ ಅರ್ಧಕ್ಕರ್ಧ ಫೋನುಗಳಲ್ಲಿ "ಸ್ಟೋರೇಜ್ ಫುಲ್" ಎಂದು ಬಂದು ಹೊಸ ಫೋಟೋ ತೆಗೆಯಲಿಕ್ಕೇ ಆಗುತ್ತಿರುವುದಿಲ್ಲ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲಿ "ಹಲವು ಸಲ ಫಾರ್ವರ್ಡ್ ಆದದ್ದು" ಮತ್ತು "5 ಎಂಬಿಗಿಂತ ದೊಡ್ಡದು" ಎಂದು ಬೇರೆ ಬೇರೆ ಕಾಣುತ್ತದೆ. ಮೊಮ್ಮಕ್ಕಳ ವಿಡಿಯೋ ಅಳಿಸಿಹೋಗದಂತೆ ಒಂದೊಂದನ್ನೇ ನೋಡಿ ಆರಿಸಬೇಕು, "ಎಲ್ಲವನ್ನೂ ಆರಿಸು" ಒತ್ತಬಾರದು. ಆಮೇಲೆ ಅದೇ ಸ್ಟೋರೇಜ್ ಅಂಡ್ ಡೇಟಾದಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಬಂದ್ ಮಾಡಿದರೆ ಶುಭೋದಯದ ಚಿತ್ರಗಳು ತಾವಾಗಿ ಒಳಗೆ ಬಂದು ಕೂರುವುದು ನಿಲ್ಲುತ್ತದೆ. ಎರಡು ಜಿಬಿ ಖಾಲಿಯಾದದ್ದು ಅಲ್ಲೇ ಕಣ್ಣಿಗೆ ಕಂಡರೆ ಮುಂದಿನ ತಿಂಗಳು ಕರೆಯದಿದ್ದರೂ ಬರುತ್ತಾರೆ.

---

ಬಂದರು ಬೀದಿ (ಕಾರವಾರ):

ಮೇಲಿನವರು ಹೇಳಿದ ವ್ಯವಸ್ಥೆ ಎಲ್ಲ ಸರಿ. ಮೊದಲ ಕೂಟದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಜಾಗ ಖಾಲಿ ಮಾಡುವುದು ಎರಡನೆಯದಾಗಲಿ, ಮೊದಲನೆಯದು ಬೀಗ ಹಾಕುವುದು. ಕಲಿತು ಹೆಚ್ಚು ಬಳಸಲು ಶುರುಮಾಡಿದವರ ನಂಬರ್ ಹೆಚ್ಚು ಜನರ ಕೈಗೆ ಹೋಗುತ್ತದೆ, ಮೋಸದ ಕರೆಯೂ ಅಷ್ಟೇ ಹೆಚ್ಚುತ್ತದೆ. ಅದಕ್ಕೆ ಮೊದಲೇ ತಯಾರಿರಬೇಕು.

ಒಂದು ತಾಸಿನಲ್ಲಿ ಎಲ್ಲರಿಂದಲೂ ಮಾಡಿಸಬಹುದಾದದ್ದು ಇಷ್ಟು. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್, ಅಕೌಂಟ್, ಟು ಸ್ಟೆಪ್ ವೆರಿಫಿಕೇಷನ್: ಆರು ಅಂಕೆಯ ಪಿನ್ ಹಾಕಿಸಿ. ಹುಟ್ಟಿದ ದಿನಾಂಕ, ಒಂದರಿಂದ ಆರು ಬೇಡ. ಮರೆತರೆ ಬೇಕಾಗುತ್ತದೆ, ಅದಕ್ಕೇ ಇಮೇಲ್ ಕೂಡ ಕೊಡಿಸಿ. ಹೆಚ್ಚಿನವರಿಗೆ ತಮ್ಮ ಜಿಮೇಲ್ ವಿಳಾಸ ಗೊತ್ತಿರುವುದಿಲ್ಲ, ಪ್ಲೇ ಸ್ಟೋರ್ ತೆರೆದು ಮೂಲೆಯ ಚಿತ್ರ ಒತ್ತಿದರೆ ಕಾಣುತ್ತದೆ, ವಹಿಯಲ್ಲಿ ಬರೆದುಕೊಳ್ಳಲಿ. ಆಮೇಲೆ ಲಿಂಕ್ಡ್ ಡಿವೈಸಸ್ ತೆರೆಸಿ, ಗುರುತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಲಾಗ್ ಔಟ್. ಪ್ರೈವಸಿ ಒಳಗೆ ಗ್ರೂಪ್ಸ್‌ಗೆ ಹೋಗಿ "ಮೈ ಕಾಂಟ್ಯಾಕ್ಟ್ಸ್" ಮಾಡಿಸಿದರೆ ಷೇರು ಮಾರುಕಟ್ಟೆಯ ಹೆಸರಿನ ಅಪರಿಚಿತ ಗ್ರೂಪುಗಳಿಗೆ ಯಾರೋ ಎಳೆದು ಸೇರಿಸುವುದು ನಿಲ್ಲುತ್ತದೆ.

ಬಾಯಿಪಾಠ ಮಾಡಿಸಬೇಕಾದ ಮಾತು ಒಂದೇ: ದುಡ್ಡು ಬರಬೇಕಾದರೆ ಯುಪಿಐ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಡ. ಉಪ್ಪಿನಕಾಯಿ ಮಾರುವವರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು. "ಐವತ್ತು ಕೇಜಿ ಆರ್ಡರ್, ಅಡ್ವಾನ್ಸ್ ಕಳಿಸುತ್ತಿದ್ದೇನೆ, ಈ ಕೋಡ್ ಸ್ಕ್ಯಾನ್ ಮಾಡಿ" ಎಂದು ಬರುವ ಕರೆ ದೊಡ್ಡ ಆರ್ಡರಿನ ಆಸೆ ತೋರಿಸಿಯೇ ಬರುತ್ತದೆ. ಇನ್ನೊಂದು, ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಆ್ಯಪ್ ಹಾಕುವ ಫೈಲ್. ಮದುವೆ ಕರೆಯೋಲೆ, ಆರ್‌ಟಿಒ ದಂಡ, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುತ್ತದೆ. ಗೊತ್ತಿರುವವರ ನಂಬರಿನಿಂದಲೇ ಬರುತ್ತದೆ, ಏಕೆಂದರೆ ಅವರ ಫೋನ್ ಆಗಲೇ ಕಳ್ಳರ ಕೈಗೆ ಹೋಗಿರುತ್ತದೆ. ಆ ಫೈಲ್ ತೆರೆದು ಇನ್‌ಸ್ಟಾಲ್ ಮಾಡಿ ಅದು ಕೇಳಿದ ಅನುಮತಿ ಕೊಟ್ಟರೆ, ಫೋನಿಗೆ ಬರುವ ಮೆಸೇಜುಗಳನ್ನೆಲ್ಲ ಓದುತ್ತದೆ, ಒಟಿಪಿಯೂ ಅದರಲ್ಲೇ ಹೋಗುತ್ತದೆ. ಕರೆಯೋಲೆ ಎಂದರೆ ಚಿತ್ರ ಅಥವಾ ಪಿಡಿಎಫ್ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಹುಡುಕಿ, ವಾಟ್ಸ್ಆ್ಯಪ್ ಎದುರು ಆಫ್ ಇದೆಯೇ ಎಂದು ಪ್ರತಿಯೊಬ್ಬರ ಫೋನಿನಲ್ಲೂ ನೋಡಿ.

ದುಡ್ಡು ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ. ಸಂಜೆ ಮಗ ಬರಲಿ, ನಾಳೆ ಬ್ಯಾಂಕಿಗೆ ಹೋಗೋಣ ಅಂದರೆ ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಮೊತ್ತ, ಸಮಯ, ಯುಪಿಐ ವ್ಯವಹಾರದ 12 ಅಂಕೆಯ ಸಂಖ್ಯೆ ಕೈಯಲ್ಲಿರಲಿ. ಆ ಸಂಖ್ಯೆ ಆ್ಯಪ್‌ನಲ್ಲಿ ಎಲ್ಲಿ ಸಿಗುತ್ತದೆ ಎಂಬುದನ್ನು ಅಂದೇ ಹಳೆಯ ಒಂದು ವ್ಯವಹಾರ ತೆರೆಸಿ ತೋರಿಸಿ. ಗಾಬರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ವಾಟ್ಸ್ಆ್ಯಪ್ ಕಳುವಾದರೆ ಅದೇ ಸಿಮ್‌ನಿಂದ ಮತ್ತೆ ರಿಜಿಸ್ಟರ್ ಮಾಡಿ. ಎಸ್‌ಎಂಎಸ್ ಕೋಡ್ ಹಾಕಿದ ಕೂಡಲೇ ಕಳ್ಳರು ಹೊರಗೆ ಬೀಳುತ್ತಾರೆ. ಅವರು ಪಿನ್ ಹಾಕಿಟ್ಟಿದ್ದರೆ ನೀವು ಒಳಗೆ ಹೋಗಲು ಏಳು ದಿನ ಕಾಯಬೇಕಾಗುತ್ತದೆ. ನೀವೇ ಮೊದಲು ಪಿನ್ ಹಾಕಿ ಅನ್ನುವುದು ಇದಕ್ಕೇ.

ಕೂಟದ ಗ್ರೂಪ್ ಮಾಡುವಾಗಲೂ ಜಾಗ್ರತೆ. ಹಾಜರಿ ಪಟ್ಟಿಯಿಂದ ನಂಬರ್ ತೆಗೆದು ಎಲ್ಲರನ್ನೂ ಸೇರಿಸಿದರೆ ಹೆಂಗಸರ ನಂಬರ್ ಊರಿಗೆಲ್ಲ ಸಿಕ್ಕಂತೆ. ವಾಟ್ಸ್ಆ್ಯಪ್ ಕಮ್ಯುನಿಟಿ ಮಾಡಿ ಅದರ ಅನೌನ್ಸ್‌ಮೆಂಟ್ ಗುಂಪಿಗೆ ಮಾತ್ರ ಸೇರಿಸಿದರೆ, ನಂಬರ್ ಮೊದಲೇ ಸೇವ್ ಇಲ್ಲದ ಇತರ ಸದಸ್ಯರಿಗೆ ಅದು ಕಾಣುವುದಿಲ್ಲ, ಅಡ್ಮಿನ್‌ಗೆ ಮಾತ್ರ ಕಾಣುತ್ತದೆ. ಕ್ಯೂಆರ್ ಅಂಟಿಸಿಡಿ, ಬೇಕಾದವರು ತಾವೇ ಸೇರಲಿ.

ಮಳೆಗಾಲಕ್ಕೆ ಮೊದಲು ಒಂದು ಕೂಟವನ್ನು ಸುಳ್ಳು ಸುದ್ದಿಗೆ ಇಡಿ. ನಮ್ಮ ಜಿಲ್ಲೆಯಲ್ಲಿ ಜೂನ್ ಬಂತೆಂದರೆ ಶಾಲೆಗೆ ರಜೆ ಎಂಬ ಆದೇಶದ ಪ್ರತಿ, ಅಣೆಕಟ್ಟಿನಿಂದ ನೀರು ಬಿಟ್ಟರು ಎಂಬ ಧ್ವನಿ ಸಂದೇಶ, ಘಟ್ಟ ಬಂದ್ ಎಂಬ ವಿಡಿಯೋ ಓಡಾಡುತ್ತವೆ. ರಜೆ ಆದೇಶದಲ್ಲಿ ನೋಡಬೇಕಾದದ್ದು ದಿನಾಂಕ, ಯಾವ ತಾಲೂಕುಗಳ ಹೆಸರು ಇದೆ, ದಿನಾಂಕದ ಅಕ್ಷರದ ಗಾತ್ರ ಉಳಿದ ಸಾಲುಗಳಿಗೆ ಹೊಂದುತ್ತದೆಯೇ ಎಂಬುದು. ಹಳೆಯ ಆದೇಶದ ತಾರೀಖು ಮಾತ್ರ ತಿದ್ದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಗೆ ಜಿಲ್ಲಾಧಿಕಾರಿಗಳ ಅಧಿಕೃತ ಪುಟದಲ್ಲಿ ಅಥವಾ ಶಾಲೆಯ ಸ್ವಂತ ಗುಂಪಿನಲ್ಲಿ ಇದೆಯೇ ಎಂದು ನೋಡಿಯೇ ನಂಬಬೇಕು. ಮೆಸೇಜಿನ ಮೇಲೆ ಜೋಡಿ ಬಾಣ ಕಂಡರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು, ಅದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ಬರುತ್ತದೆ.

ಅಭ್ಯಾಸಕ್ಕೆ ನಮ್ಮದೇ ಚಿತ್ರ ಬಳಸಿ: 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು, ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು. ಆ ಫೋಟೋಗಳನ್ನು ದಿನಾಂಕ ಹೇಳದೆ ಕೊಡಿ, ಗೂಗಲ್ ಲೆನ್ಸ್‌ನಲ್ಲಿ ಹಾಕಿ ಯಾವ ದಿನದ್ದು ಎಂದು ಹುಡುಕಲಿ. ವಿಡಿಯೋ ಆದರೆ ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಲೆನ್ಸ್‌ಗೆ ಹಾಕಬೇಕು. ಊರಿನ ಸೇತುವೆಯನ್ನು ಎಲ್ಲರೂ ಗುರುತಿಸುತ್ತಾರೆ, ಹೀಗಾಗಿ ಉತ್ತರ ಸರಿ ಬಂದಿತೇ ಎಂಬುದೂ ಅವರಿಗೇ ತಿಳಿಯುತ್ತದೆ.

---

ಜೋನಿಬೆಲ್ಲ:

ಸ್ವಸಹಾಯ ಸಂಘದ ಅಕ್ಕಂದಿರಿಗೆ ಬೇಕಾದದ್ದನ್ನು ನಾನು ಹೇಳುತ್ತೇನೆ. ಇನ್‌ಸ್ಟಾಗ್ರಾಂನಿಂದ ಶುರು ಮಾಡಬೇಡಿ. ರೀಲ್ಸ್ ಸಾವಿರ ಜನ ನೋಡಬಹುದು, ಉಪ್ಪಿನಕಾಯಿ ಕೊಳ್ಳುವವರು ಮಾತ್ರ ಕೊನೆಗೆ ವಾಟ್ಸ್ಆ್ಯಪ್‌ಗೇ ಬಂದು "ದರ ಎಷ್ಟು" ಎನ್ನುತ್ತಾರೆ. ಆ ಬಾಗಿಲು ಮೊದಲು ಸರಿ ಇರಲಿ.

ವಾಟ್ಸ್ಆ್ಯಪ್ ಬಿಸಿನೆಸ್ ಬೇರೆ ಆ್ಯಪ್. ಒಂದೇ ನಂಬರನ್ನು ಮಾಮೂಲಿ ವಾಟ್ಸ್ಆ್ಯಪ್‌ನಲ್ಲೂ ಬಿಸಿನೆಸ್‌ನಲ್ಲೂ ಒಟ್ಟಿಗೆ ಇಡಲಾಗುವುದಿಲ್ಲ. ಮನೆಯ ನಂಬರನ್ನೇ ಬದಲಿಸುವುದಾದರೆ ಮೊದಲು ಚಾಟ್ ಬ್ಯಾಕಪ್ ಮಾಡಿಸಿ. ಎರಡು ಸಿಮ್ ಇದ್ದವರು ಎರಡನೆಯ ನಂಬರಿಗೆ ಬಿಸಿನೆಸ್ ಹಾಕಿಕೊಳ್ಳುವುದೇ ಚೆಂದ, ನೆಂಟರ ಮೆಸೇಜೂ ಗಿರಾಕಿಗಳದ್ದೂ ಕಲಸುವುದಿಲ್ಲ. ಕ್ಯಾಟಲಾಗ್‌ನಲ್ಲಿ 500 ವಸ್ತುಗಳ ತನಕ ಹಾಕಬಹುದು, ನಮಗೆ ಹತ್ತು ಸಾಕು. ಹೆಸರಿನಲ್ಲೇ ತೂಕ ಬರಲಿ: "ಅಪ್ಪೆಮಿಡಿ ಉಪ್ಪಿನಕಾಯಿ, 500 ಗ್ರಾಂ". ವಿವರದಲ್ಲಿ ಎಣ್ಣೆ ಹಾಕಿದ್ದೋ ಬರೀ ಉಪ್ಪುನೀರಿನದ್ದೋ, ಖಾರ ಎಷ್ಟು, ಎಷ್ಟು ತಿಂಗಳು ಇಡಬಹುದು, ಕೊರಿಯರ್ ಖರ್ಚು ಸೇರಿದೆಯೋ ಇಲ್ಲವೋ. ಈ ನಾಲ್ಕು ಬರೆದರೆ ಗಿರಾಕಿ ಕೇಳುವ ಪ್ರಶ್ನೆ ಬಹುಪಾಲು ಮುಗಿಯಿತು. ತಿನ್ನುವ ವಸ್ತು ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, 14 ಅಂಕೆಯ ಆ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಲೇಬಲ್ ಕಾಣುವಂತೆ ಒಂದು ಫೋಟೋ ಕ್ಯಾಟಲಾಗ್‌ನಲ್ಲಿ ಇರಲಿ.

ಫೋಟೋಕ್ಕೆ ಒಂದು ಪೂರ್ತಿ ಕೂಟ ಕೊಡಿ, ಎಲ್ಲರೂ ತಮ್ಮ ಬಾಟಲಿ ತರಲಿ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸಿನ ಮೇಲೆ ಎಣ್ಣೆ ಬೆರಳಿನ ಗುರುತು ಇದ್ದೇ ಇರುತ್ತದೆ, ಫೋಟೋ ಮಂಜು ಮಂಜಾಗುವುದು ಅದರಿಂದ, ಫೋನ್ ಹಳೆಯದಾಗಿ ಅಲ್ಲ. ಮೆತ್ತಗಿನ ಹತ್ತಿಬಟ್ಟೆಯಿಂದ ಒರೆಸಿ. ಬಾಟಲಿಯನ್ನು ಕಿಟಕಿಯಿಂದ ಒಂದು ಮೊಳ ದೂರದಲ್ಲಿ ಇಟ್ಟು, ಬೆಳಕು ಪಕ್ಕದಿಂದ ಬೀಳುವಂತೆ ನಿಂತು ತೆಗೆಯಿರಿ. ಹಿಂದೆ ಬಿಳಿ ಪಂಚೆ, ಕಿಟಕಿಯ ಎದುರು ಬದಿಗೆ ಬಿಳಿ ಡ್ರಾಯಿಂಗ್ ಹಾಳೆ ನಿಲ್ಲಿಸಿದರೆ ಆ ಕಡೆಯ ಕಪ್ಪು ನೆರಳು ತಿಳಿಯಾಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಗಾಜಿನ ಮೇಲೆ ಅದರ ಬಿಳಿ ಗೆರೆ ಬೀಳುತ್ತದೆ, ಉಪ್ಪಿನಕಾಯಿಯ ಕೆಂಪೂ ಕಂದಾಗಿ ಕಾಣುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಜೂಮ್ ಮಾಡಬೇಡಿ, ನೀವೇ ಹತ್ತಿರ ಹೋಗಿ. ಬಾಟಲಿಯ ಜೊತೆ ಒಂದು ಮಿಡಿಯನ್ನು ಚಮಚದಲ್ಲಿ ಎತ್ತಿ ತೆಗೆದ ಫೋಟೋ ಒಂದು ಇರಲಿ, ಮಿಡಿಯ ಗಾತ್ರ ಗೊತ್ತಾಗುವುದು ಅದರಲ್ಲಿ. ಫಿಲ್ಟರ್ ಹಾಕಿ ಬಣ್ಣ ಏರಿಸಬೇಡಿ, ಮನೆಗೆ ಹೋದ ಬಾಟಲಿ ಬೇರೆ ಬಣ್ಣದ್ದು ಕಂಡರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಬ್ರಾಡ್‌ಕಾಸ್ಟ್ (ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವುದು) ಬಗ್ಗೆ ಎಲ್ಲರೂ ಎಡವುವ ಜಾಗ ಇದು: ಒಂದು ಪಟ್ಟಿಯಲ್ಲಿ 256 ಜನರನ್ನು ಹಾಕಬಹುದು, ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ತಲುಪುತ್ತದೆ. ನೂರು ಜನರಿಗೆ ಕಳಿಸಿದ್ದು ಇಪ್ಪತ್ತು ಜನರಿಗೆ ಮಾತ್ರ ಹೋಗಿರುತ್ತದೆ, ಕಳಿಸಿದವರಿಗೆ ಅದು ಗೊತ್ತೇ ಆಗುವುದಿಲ್ಲ. ಲೇಬಲ್ ಮೇಲೆ ದೊಡ್ಡದಾಗಿ "ಹೊಸ ಮಿಡಿ ಬಂದಾಗ ತಿಳಿಸಲು ಈ ನಂಬರ್ ಸೇವ್ ಮಾಡಿಕೊಳ್ಳಿ" ಎಂದು ಅಚ್ಚು ಹಾಕಿಸಿ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕಳಿಸಬೇಡಿ. ಜನ ಬೇಸತ್ತು ಬ್ಲಾಕ್, ರಿಪೋರ್ಟ್ ಮಾಡುತ್ತ ಹೋದರೆ ವಾಟ್ಸ್ಆ್ಯಪ್ ಆ ನಂಬರನ್ನೇ ನಿಲ್ಲಿಸಿಬಿಡಬಹುದು.

ಇದೆಲ್ಲ ನೆಲೆಗೆ ನಿಂತ ಮೇಲೆ ರೀಲ್ಸ್. ಫೋನ್ ನೆಟ್ಟಗೆ ಹಿಡಿದು ತೆಗೆಯಬೇಕು, ಬರಹವನ್ನು ಕೆಳಗಿನ ಕಾಲು ಭಾಗದಲ್ಲಿ ಹಾಕಬಾರದು, ಖಾತೆಯ ಹೆಸರು, ಬಟನ್ನು ಅಲ್ಲೇ ಬಂದು ಮುಚ್ಚುತ್ತವೆ. ಬಿಸಿನೆಸ್ ಖಾತೆಯಲ್ಲಿ ಸಿನಿಮಾ ಹಾಡು ಸಿಗದಿರುವುದು ಫೋನಿನ ದೋಷವಲ್ಲ, ವ್ಯಾಪಾರಕ್ಕೆ ಆ ಹಾಡುಗಳ ಪರವಾನಗಿ ಇರುವುದಿಲ್ಲ. ಹಪ್ಪಳ ಸುಡುವ ಚುರ್ ಸದ್ದು, ಕಾಯಿಸುವ ಬೆಲ್ಲದ ಕೊತಕೊತ ಸದ್ದನ್ನೇ ಇಡಿ, ಹಾಡಿಗಿಂತ ಚೆನ್ನಾಗಿರುತ್ತದೆ.

ಹೋಮ್‌ಸ್ಟೇಯವರಿಗೆ ಎರಡು ಮಾತು. ಗೂಗಲ್ ಮ್ಯಾಪ್‌ನಲ್ಲಿ ಬಿಸಿನೆಸ್ ಪ್ರೊಫೈಲ್ ಮಾಡಿದರೆ ಜಾಗ ನಿಮ್ಮದೇ ಎಂದು ಖಚಿತಪಡಿಸಲು ಈಗ ಬಹಳ ಸಲ ವಿಡಿಯೋ ಕೇಳುತ್ತದೆ. ರಸ್ತೆ ಅಥವಾ ಊರಿನ ಫಲಕದಿಂದ ಶುರು ಮಾಡಿ, ಮನೆಯ ಬೋರ್ಡ್ ತೋರಿಸಿ, ಬೀಗ ತೆಗೆದು ಒಳಗೆ ಹೋಗುವ ತನಕ ನಿಲ್ಲಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಕತ್ತರಿಸಿ ಜೋಡಿಸಿದ್ದು ನಡೆಯುವುದಿಲ್ಲ. ಪಿನ್ ಅನ್ನು ಉಪಗ್ರಹ ಚಿತ್ರದಲ್ಲಿ ಸ್ವಂತ ಮನೆಯ ಮಾಡಿನ ಮೇಲೆ ಇಟ್ಟು, ಪ್ಲಸ್ ಕೋಡ್ (ಮ್ಯಾಪ್ ಆ ಜಾಗಕ್ಕೆ ಕೊಡುವ ಚಿಕ್ಕ ಕೋಡ್) ಕೂಡ ಗಿರಾಕಿಗಳಿಗೆ ಕಳಿಸಿ. ನಮ್ಮ ಕಡೆ ಪಿನ್ ಸ್ವಲ್ಪ ಸರಿದರೂ ಕಾರು ಹಳ್ಳದ ಆಚೆ ಬದಿಗೆ ಹೋಗಿ ನಿಲ್ಲುತ್ತದೆ. ಇನ್ನೊಂದು, ಪುಕ್ಕಟೆ ವಸತಿ ಕೊಟ್ಟರೆ ರೀಲ್ಸ್ ಮಾಡುತ್ತೇವೆ ಎಂದು ಬರುವವರು. ಒಪ್ಪುವುದು ಬಿಡುವುದು ನಿಮ್ಮಿಷ್ಟ, ಆದರೆ ಪುಕ್ಕಟೆ ವಾಸವೂ ಪ್ರತಿಫಲವೇ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯ 2023ರ ಮಾರ್ಗಸೂಚಿ ಪ್ರಕಾರ ಅದನ್ನು ಜಾಹೀರಾತು ಎಂದು ವಿಡಿಯೋದ ಭಾಷೆಯಲ್ಲೇ ಹೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದ ತನಕ ದಂಡ ಇದೆ.

---

ತಾಳಮದ್ದಲೆ ಕೇಳುಗ:

ನಿಮ್ಮ ತಾಳಮದ್ದಲೆಯವರಿಗಾಗಿ ಬರೆಯುತ್ತಿದ್ದೇನೆ. ಯೂಟ್ಯೂಬ್‌ನಲ್ಲಿ ಹೊಸ ಚಾನೆಲ್‌ಗೆ 15 ನಿಮಿಷ ಮೀರಿದ ವಿಡಿಯೋ ಹಾಕಲು ಬರುವುದಿಲ್ಲ, ಫೋನ್ ನಂಬರ್ ಕೊಟ್ಟು ದೃಢೀಕರಿಸಿದ ಮೇಲೆ ಬರುತ್ತದೆ. ಪ್ರಸಂಗ ಅರ್ಧ ಏರಿದ ಮೇಲೆ ಇದು ತಿಳಿದರೆ ಬೇಜಾರು, ಮೊದಲೇ ಮಾಡಿಸಿ. ಮೊಬೈಲಿನಿಂದ ನೇರಪ್ರಸಾರ ಮಾಡಲು 50 ಚಂದಾದಾರರು ಬೇಕು, ಲೈವ್ ಆನ್ ಮಾಡಿದ ಮೇಲೆ ಮೊದಲ ಸಲ 24 ಗಂಟೆ ಕಾಯಬೇಕು. ಕಾರ್ಯಕ್ರಮದ ದಿನವೇ ಆನ್ ಮಾಡಲು ಹೋದರೆ ಆಗುವುದಿಲ್ಲ.

ಮೂರು ತಾಸಿನ ಕೂಟವನ್ನು ಸೆಕೆಂಡಿಗೆ 5 ಮೆಗಾಬಿಟ್‌ನ ವಿಡಿಯೋ ಮಾಡಿದರೆ ಸುಮಾರು 6.7 ಜಿಬಿ ಆಗುತ್ತದೆ. ಹಳ್ಳಿಯ ನೆಟ್ಟಿನಲ್ಲಿ ಅಪ್‌ಲೋಡ್ ವೇಗ 4 ಮೆಗಾಬಿಟ್ ಸಿಕ್ಕರೂ ಕಾಲು ಕಮ್ಮಿ ನಾಲ್ಕು ತಾಸು ಬೇಕು, ನಡುವೆ ಕರೆಂಟು ಹೋದರೆ ತಲೆನೋವು. ತಾಳಮದ್ದಲೆಯಲ್ಲಿ ಇರುವುದು ಮಾತು ಮತ್ತು ಭಾಗವತಿಕೆ, ವೇಷ ಇಲ್ಲ. ಒಳ್ಳೆಯ ಧ್ವನಿ, ಒಂದು ಚಿತ್ರ ಸಾಕು. 128 ಕಿಲೋಬಿಟ್‌ನ ಧ್ವನಿ ಮೂರು ತಾಸಿಗೆ 173 ಎಂಬಿ ಮಾತ್ರ, ಚಿತ್ರ ಸೇರಿಸಿದರೂ ದೊಡ್ಡದಾಗುವುದಿಲ್ಲ. ಧ್ವನಿವರ್ಧಕದ ಎದುರು ಫೋನ್ ಇಟ್ಟು ಮುದ್ರಿಸಬೇಡಿ, ಚೆಂಡೆ ಇದ್ದರೆ ಧ್ವನಿ ಒಡೆಯುತ್ತದೆ. ಮಿಕ್ಸರ್‌ನ ರೆಕಾರ್ಡ್ ಔಟ್‌ನಿಂದ ತೆಗೆದು ಚಿಕ್ಕ ರೆಕಾರ್ಡರ್‌ಗೆ ಕೊಡಿ, ಮಟ್ಟವನ್ನು ಚೆಂಡೆಯ ಜೋರಿಗೆ ಹೊಂದಿಸಿಕೊಳ್ಳಿ, ಮಾತಿಗೆ ಅಲ್ಲ. ಅರ್ಥಧಾರಿಗಳು, ಭಾಗವತರು ಎಲ್ಲರ ಒಪ್ಪಿಗೆ ಮೊದಲೇ ಪಡೆದು, ವಿವರದಲ್ಲಿ ಎಲ್ಲರ ಹೆಸರು ಕನ್ನಡದಲ್ಲಿ ಬರೆಯಿರಿ. ಜನ ಹುಡುಕುವುದು ಹೆಸರಿನಿಂದಲೇ. ಬೇರೆಯವರ ಕ್ಯಾಸೆಟ್ಟಿನ ತುಣುಕು ಹಾಕಬೇಡಿ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ.

ಕರಪತ್ರದ ಕನ್ನಡ ಫೇಸ್‌ಬುಕ್‌ಗೆ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವ ಸಮಸ್ಯೆ ನಿಮಗೂ ಬರುತ್ತದೆ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಅಚ್ಚು ಮಾಡಿದ್ದರೆ ಅದು ಯೂನಿಕೋಡ್, ಅಂದರೆ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ಸಂಕೇತ, ಅಲ್ಲ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಿರುಗಿಸಿ ಕಳಿಸಲು ಅಂಗಡಿಯವರಿಗೇ ಹೇಳಿ, ಬಂದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪುವುದು ಅಲ್ಲೇ. ಫೋನಿನಲ್ಲಿ ಬರೆಯಲು ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಹಾಕಿ ಕನ್ನಡ ಸೇರಿಸಿದರೆ ಮೈಕ್ ಒತ್ತಿ ಮಾತಾಡಿಯೂ ಬರೆಯಬಹುದು. ನಮ್ಮ ಹವ್ಯಕ ಮಾತು ಅದಕ್ಕೆ ತಿಳಿಯುವುದಿಲ್ಲ, ಪುಸ್ತಕದ ಕನ್ನಡದಲ್ಲಿ ಹೇಳಬೇಕು. ಮಾಸ್ತರರಿಗೆ ಇದು ಬಹಳ ಇಷ್ಟವಾಗುತ್ತದೆ.

---

ಹಲಸಿನಕಟ್ಟೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಬೀಗ ಹಾಕುವುದನ್ನೇ ಮೊದಲ ಕೂಟಕ್ಕೆ ಇಡುತ್ತೇವೆ, ಜಾಗ ಖಾಲಿ ಮಾಡುವುದು ಎರಡನೆಯದು, ಫೋಟೋ ಮೂರನೆಯದು. ಎರಡು ಸಂಶಯ ಉಳಿದಿವೆ. ಯಾವ ತಿಂಗಳು ಶುರು ಮಾಡಿದರೆ ಜನ ಬರುತ್ತಾರೆ? ಶುಲ್ಕ ಇಡಬೇಕೇ?

---

ಅಘನಾಶಿನಿ ದಂಡೆ:

ಘಟ್ಟದ ಮೇಲೆ ಸೆಪ್ಟೆಂಬರಿನಲ್ಲಿ ಶುರು ಮಾಡಿ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿ ಮುಗಿದಿರುತ್ತದೆ, ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವುದು) ಇನ್ನೂ ಬಂದಿರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಎರಡು ಕೂಟ ಆದರೆ ಬೀಗವೂ ಜಾಗವೂ ಮುಗಿಯಿತು. ನವೆಂಬರಿನಿಂದ ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ಮನೆಮಂದಿಗೆಲ್ಲ ಕೆಲಸ, ಆಗ ಕೂಟ ಇಟ್ಟರೆ ಹಾಲ್ ಖಾಲಿ. ಆ ತಿಂಗಳುಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ವಾರಕ್ಕೊಂದು ಚಿಕ್ಕ ಅಭ್ಯಾಸ ಕಳಿಸಿದರೆ ಸಾಕು. ಮಿಡಿ ಬರುವ ಹೊತ್ತಿಗೆ, ಫೆಬ್ರುವರಿ ಕೊನೆಗೋ ಮಾರ್ಚಿಗೋ ಫೋಟೋದ ಕೂಟ ಇಟ್ಟುಕೊಳ್ಳಿ, ಹಸಿ ಮಿಡಿಯ ಫೋಟೋ ಅಲ್ಲೇ ಸಿಗುತ್ತದೆ. ಮಾರಿಕಾಂಬಾ ಜಾತ್ರೆ ಇರುವ ವರ್ಷ ಆ ವಾರ ತಪ್ಪಿಸಿ. ಕರಾವಳಿಯಲ್ಲಿ ಲೆಕ್ಕ ಉಲ್ಟಾ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಬಂದರಿನ ಕಡೆಯವರಿಗೆ ಬಿಡುವು ಸಿಗುವುದೇ ಆಗ.

ಶುಲ್ಕ ಬೇಡ, ಚಹಾ ಅವಲಕ್ಕಿಯ ಖರ್ಚಿಗೆ ಡಬ್ಬಿ ಇಡಿ. ಇದ್ದವರು ಹಾಕುತ್ತಾರೆ. ಕೂಟದಲ್ಲಿ ಯಾರೂ ಯಾವ ವಸ್ತುವನ್ನೂ ವಿಮೆಯನ್ನೂ ಮಾರಬಾರದು ಎಂದು ಮೊದಲ ದಿನವೇ ಹೇಳಿಬಿಡಿ, ಜನ ಫೋನ್ ತೆರೆದು ಕೂತಿರುವ ಜಾಗಕ್ಕೆ ಅಂಥವರು ಹುಡುಕಿಕೊಂಡು ಬರುತ್ತಾರೆ. ಕೊನೆಯ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ಅಂದಿನ ಕೆಲಸವನ್ನು ಸಹಾಯಕರ ಸಹಾಯ ಇಲ್ಲದೆ ಮೊದಲಿನಿಂದ ಇನ್ನೊಮ್ಮೆ ಮಾಡಲಿ, ಆಗದವರ ಹೆಸರನ್ನು ಸಹಾಯಕರು ಬರೆದಿಟ್ಟುಕೊಂಡು ಮುಂದಿನ ತಿಂಗಳು ಅವರ ಪಕ್ಕವೇ ಕೂರಲಿ.